ಹದಿನಾಲ್ಕನೆಯ ಚೀಲ

ಮೊನ್ನೆ ಒಂದು ಕಾಲೇಜಿನವರು ಭೂವಿಜ್ಞಾನ ಓದುವ ಹುಡುಗರೆದುರು ನನ್ನನ್ನು ಕೂರಿಸಿ, ಶಾಲು ಹೊದೆಸಿ, ‘ನಿಮ್ಮ ಸಾಧನೆಗಳನ್ನು ಹೇಳಿ’ ಎಂದರು. ಸಾಧನೆ ಎಂಬ ಮಾತು ಕೇಳಿದರೆ ನನಗೆ ಮೈಯುರಿ. ಚಿನ್ನ, ತಾಮ್ರ ಹುಡುಕುವ ಕೆಲಸದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಗುಡ್ಡ ಹತ್ತಿ ಇಳಿದಿದ್ದೇನೆ. ಆ ಗುಡ್ಡಗಳಲ್ಲಿ ಹೆಚ್ಚಿನವು ನನಗೆ ಕೊಟ್ಟದ್ದು ಕಾಲಿಗೆ ಮುಳ್ಳು ಮತ್ತು ಮಂಡಿನೋವು. ‘ಸಾಧನೆ ಇಲ್ಲ ಸ್ವಾಮಿ, ತಪ್ಪುಗಳಿವೆ. ಬೇಕಾದರೆ ಹೇಳುತ್ತೇನೆ’ ಎಂದೆ. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ಹುಡುಗರು ಮಾತ್ರ ಮುಂದಕ್ಕೆ ಬಾಗಿ ಕೂತರು.

ಸಭೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಬಂದು ಹಳೆಯ ವರದಿಯೊಂದರ ನಕಲು ತೋರಿಸಿದ. ಗೋವಿನಕೋವಿ ಸಮೀಪದ ಬಿಳಿಗಲ್ಲ ಗುಡ್ಡದಲ್ಲಿ ಒಳ್ಳೆಯ ಚಿನ್ನವಿದೆ ಎಂದು ಅದರಲ್ಲಿ ಅಂಕಿಗಳ ಸಮೇತ ಟೈಪಾಗಿತ್ತು. ‘ಸಾರ್, ನನ್ನ ಪ್ರಾಜೆಕ್ಟಿಗೆ ಇದನ್ನೇ ತಗೊಂಡಿದ್ದೀನಿ. ನೀವು ಆ ಕಡೆ ಕೆಲಸ ಮಾಡಿದ್ರಂತೆ?’ ಎಂದ. ಮಾಡಿದ್ದೆ. ಆ ಗುಡ್ಡದಲ್ಲಿ ಚಿನ್ನವಿಲ್ಲ. ಇದೆ ಎಂದು ಆ ಕಾಗದ ಹೇಳುವುದಕ್ಕೆ ಕಾರಣ ನಾನು. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಅದು, ಆದ್ದರಿಂದ ಬರೆಯುತ್ತಿದ್ದೇನೆ. ಓದಿ ಯಾರಿಗಾದರೂ ಸಿಟ್ಟು ಬಂದರೆ ಬರಲಿ. ಈ ವಯಸ್ಸಿನಲ್ಲಿ ನನ್ನನ್ನು ಯಾರೂ ಕೆಲಸದಿಂದ ತೆಗೆಯುವಂತಿಲ್ಲ.

ನನ್ನ ಹೆಸರು ದಾದಾಪೀರ್, ಊರು ನ್ಯಾಮತಿ. ಅಪ್ಪ ಸಂತೆಯಲ್ಲಿ ಎತ್ತುಗಳನ್ನು ಕೆಡವಿ ಲಾಳ ಕಟ್ಟುತ್ತಿದ್ದರು. ಲಾಳ ಕಟ್ಟುವವನ ಮನೆಯಲ್ಲಿ ಕುಲುಮೆ ಇರುತ್ತದೆ, ಹಾಗಾಗಿ ಮೊಂಡಾದ ಚಾಣಕ್ಕೆ ಮೊನೆ ಬರಿಸಿ ಹದ ಹಾಕುವುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಮದುವೆಯಾದ ವರ್ಷ, ಚಿನ್ನ ಹುಡುಕಲು ಬಂದ ಒಂದು ಕಂಪನಿಗೆ ಆ ವಿದ್ಯೆಯ ಬಲದ ಮೇಲೆಯೇ ಸೇರಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಅದು ಎಂದೋ ಮುಳುಗಿತು, ಸತ್ತವರ ಮೇಲೆ ಸಿಟ್ಟೇಕೆ. ಮೊದಲು ಕಲ್ಲು ಕೊರೆಯುವವರ ಚಾಣ ಹರಿತ ಮಾಡುತ್ತಿದ್ದೆ. ಆಮೇಲೆ ನಾನೇ ಕಲ್ಲಿನ ಮಾದರಿ ತೆಗೆಯುವವನಾದೆ.

ಮಾದರಿ ತೆಗೆಯುವುದೆಂದರೆ ಹೀಗೆ. ಬಂಡೆಯ ಮೇಲೆ ಬೆಣಚುಕಲ್ಲಿನ ಬಿಳಿ ಪಟ್ಟೆ ಹಾದು ಹೋಗಿರುತ್ತದೆ. ಚಿನ್ನವಿದ್ದರೆ ಅದರಲ್ಲಿ. ಟೇಪು ಹಿಡಿದು ಐದೈದು ಅಡಿಗೆ ಗುರುತು ಹಾಕಬೇಕು. ಗುರುತು ಬಿದ್ದಲ್ಲೇ ಪಟ್ಟೆಗೆ ಅಡ್ಡಲಾಗಿ ಕೊರೆದು, ಉದುರಿದ ಚೂರನ್ನೆಲ್ಲ ಬಟ್ಟೆಯಲ್ಲಿ ಹಿಡಿದು, ಕುಟ್ಟಿ ಪುಡಿ ಮಾಡಿ, ಕೋರಾ ಬಟ್ಟೆಯ ಚೀಲಕ್ಕೆ ತುಂಬಿ, ನಂಬರಿನ ಚೀಟಿ ಹಾಕಿ ಬಾಯಿ ಕಟ್ಟಬೇಕು. ಪಕ್ಕದಲ್ಲಿ ಚೆಂದದ ಕಲ್ಲಿದೆ ಎಂದು ಒಂದು ಗೇಣೂ ಸರಿಯಕೂಡದು. ಚೀಲಗಳು ದೂರದ ಪರೀಕ್ಷಾಲಯಕ್ಕೆ ಹೋಗಿ, ವಾರಗಟ್ಟಲೆ ಕಳೆದ ಮೇಲೆ ಅಂಕಿಗಳು ಬರುತ್ತಿದ್ದವು. ಅವನ್ನು ಟೈಪು ಮಾಡಿದ ಪಟ್ಟಿಯ ಕೆಳಗೆ ‘ಮಾದರಿ ತೆಗೆದವನ ಸಹಿ’ ಎಂದು ಒಂದು ಜಾಗ. ದೊಡ್ಡವರ ಸಹಿಗಳೆಲ್ಲ ಅದರ ಕೆಳಗೆ. ಎಷ್ಟು ದೊಡ್ಡ ದೊರೆಯಾದರೂ ಕೊನೆಗೆ ನಂಬಬೇಕಾದದ್ದು ಮಂಡಿಯೂರಿ ಕಲ್ಲು ಕೊರೆದವನನ್ನು. ಇದನ್ನು ಅವರು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ತಿಳಿದುಕೊಂಡಿರಿ.

ನಮ್ಮ ಸೂಪರಿಂಟೆಂಡೆಂಟರು ವೆಂಕೋಬರಾಯರು. ಕೆಟ್ಟವರೆಂದು ಹೇಳಲಾರೆ. ಇಂಗ್ಲಿಷ್ ಅಂಕಿ, ಅಕ್ಷರ ನನಗೆ ಕಲಿಸಿದವರೇ ಅವರು. ಆದರೆ ಪೆಟ್ಟಿಗೆಯೊಳಗಿಂದ ತೆಗೆದ ಉಪಕರಣ ಒಂದು ಮಾತು ಹೇಳಿತೆಂದರೆ ಮುಗಿಯಿತು, ಬ್ರಹ್ಮ ಬಂದರೂ ತಿದ್ದುವಂತಿಲ್ಲ. ಚನ್ನಗಿರಿ ತಾಲೂಕಿನ ಉಬ್ರಾಣಿ ಕಡೆ ಕೆಲಸ ಮಾಡುವಾಗ ನಡೆದದ್ದು ಕೇಳಿ. ಅಲ್ಲಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು, ದಿಕ್ಸೂಚಿಯ ಮುಳ್ಳು ಕುಡಿದವನ ಹಾಗೆ ತೂರಾಡುತ್ತಿತ್ತು. ರಾಯರು ಅದು ತೋರಿಸಿದ ಕಡೆಯೇ ಉತ್ತರವೆಂದು ನಾಲ್ಕು ದಿನ ಕಂದಕ ತೋಡಿಸಿದರು. ಕುರಿ ಮೇಯಿಸಿಕೊಂಡು ಬಂದ ಒಬ್ಬ ಮುದುಕ ಕೋಲೂರಿ ನಿಂತು ನೋಡಿದ.

‘ಸ್ವಾಮೇರಾ, ಯಾವ ಕಡೀಕೆ ಅಗೀತಿದ್ದೀರಿ?’

‘ಉತ್ತರಕ್ಕೆ’ ಎಂದರು ರಾಯರು.

‘ಹೊತ್ತು ಮುಳುಗಾದು ಆ ಕಡೆ ಅಲ್ಲೇನ್ರೀ?’

‘ಈ ದಿಕ್ಸೂಚಿ ವಿಲಾಯಿತಿಯದು ಕಣಯ್ಯಾ’ ಎಂದರು ರಾಯರು. ಸೂರ್ಯ ವಿಲಾಯಿತಿಯವನಲ್ಲವಲ್ಲ, ಹಾಗಾಗಿ ಸೋತ. ಕಂದಕ ಪಶ್ಚಿಮಕ್ಕೆ ಇನ್ನೂ ಎರಡು ದಿನ ಹೋಯಿತು. ಆಳುಗಳೂ ನಾನೂ ಗುಡಾರದ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಾಗೆ ನಗಬಾರದಿತ್ತು, ನನ್ನ ಸರದಿ ಹತ್ತಿರದಲ್ಲೇ ಇತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಗೋವಿನಕೋವಿಗೆ ಬಂದೆವು. ಊರಿಂದ ಎರಡು ಮೈಲಿ ಆಚೆ ಬಿಳಿಗಲ್ಲ ಗುಡ್ಡ, ಅದರ ಬುಡದಲ್ಲಿ ಒಂದು ಹಳ್ಳ. ಮಳೆಗಾಲ ಕಳೆದ ಮೇಲೆ ಆ ಹಳ್ಳದ ಮರಳು ತೊಳೆದು, ಮೇಲಿನ ಸೀಮೆಯಿಂದ ನೀರು ತಂದುಹಾಕಿದ ಚಿನ್ನದ ಕಣ ಆರಿಸಿ, ನ್ಯಾಮತಿಯ ಅಕ್ಕಸಾಲಿಗರಿಗೆ ಕೊಟ್ಟು ಬದುಕುವ ನಾಲ್ಕೈದು ಮನೆಗಳಿದ್ದವು. ಅವರಿಗೆಲ್ಲ ಹಿರಿಯಳು ಹಾಲವ್ವ. ಅರವತ್ತು ದಾಟಿದ ಹೆಂಗಸು, ಬಾಯಲ್ಲಿ ಸದಾ ಎಲೆಯಡಿಕೆ, ಮಾತು ಸುತ್ತಿಗೆ ಏಟು. ಮರಳು ತೊಳೆಯುವುದನ್ನು ಕಲಿತು ಬಾ ಎಂದು ರಾಯರೇ ನನ್ನನ್ನು ಆಕೆಯ ಬಳಿ ಕಳಿಸಿದರು.

ತೊಳೆಯುವುದು ಮರಿಗೆಯಲ್ಲಿ. ಮರಿಗೆಯೆಂದರೆ ನಡುವೆ ತಗ್ಗಿರುವ ಅಗಲವಾದ ಮರದ ತಟ್ಟೆ. ಮರಳು, ನೀರು ತುಂಬಿ ತಿರುಗಿಸಿ ತಿರುಗಿಸಿ ಹಗುರಾದದ್ದನ್ನು ಹೊರಗೆ ಚೆಲ್ಲುತ್ತ ಹೋದರೆ ಕೊನೆಗೆ ಒಂದು ಚಿಟಿಕೆ ಕರಿಮರಳು ಉಳಿಯುತ್ತದೆ, ಅದರ ಅಂಚಿಗೆ ಹಳದಿ ಗೆರೆ. ನಾನು ಮೊದಲ ದಿನ ಕೂತವನೇ ಮರಿಗೆಗೆ ಮರಳು ಸುರಿದೆ. ಹಾಲವ್ವ ಅದನ್ನು ನನ್ನ ಕೈಯಿಂದ ಕಿತ್ತು ಹಳ್ಳಕ್ಕೆ ಕವುಚಿದಳು.

‘ಬರಿ ಮರಿಗಿ ತೋರಿಸ್ದೇನೋ?’

‘ಯಾರಿಗೆ ಅವ್ವಾ?’

‘ಯಾರ್ ಎದುರಿಗೆ ಅದಾರೋ ಅವ್ರಿಗೆ.’

ಅವರ ರೂಢಿ ಅದು. ಪ್ರತಿ ಸಲ ಮರಳು ತುಂಬುವ ಮೊದಲು ಬರಿ ಮರಿಗೆಯನ್ನು ಜಾಲಿಸಿ, ಬಿಸಿಲಿಗೆ ಓರೆಯಾಗಿ ಹಿಡಿದು, ಪಕ್ಕದವರಿಗೆ ತೋರಿಸಬೇಕು. ಆಮೇಲೆ ಎರಡೂ ಅಂಗೈ ಬಿಚ್ಚಿ ತೋರಿಸಬೇಕು. ‘ಯಾರೂ ಇಲ್ಲದಿದ್ದರೆ?’ ಎಂದು ಕೀಟಲೆಗೆ ಕೇಳಿದೆ. ಆಕೆ ನಗಲಿಲ್ಲ.

‘ಹಳ್ಳಕ್ಕೆ ತೋರ್ಸು. ಹೋದ ಸಲದ್ದು ಒಂದು ಕಣ ಉಳ್ಕಂಡ್ರೆ ಈ ಸಲದ ಮರಳು ಸುಳ್ಳು ಹೇಳ್ತೈತೆ ತಮ್ಮಾ. ಅದನ್ನ ನಂಬ್ಕಂಡು ನಾಳೆನೂ ಅಲ್ಲೇ ಅಗೀತೀಯ. ಮೂರ್ ದಿನಕ್ಕೆ ಮನ್ಯಾಗೆ ಒಲಿ ಹತ್ತಂಗಿಲ್ಲ.’

ಕಲಿತೆ. ಬರಿ ಮರಿಗೆ ತೋರಿಸದೆ ನಾನು ಆಮೇಲೆ ಎಂದೂ ತೊಳೆದಿಲ್ಲ. ಕಲಿತದ್ದನ್ನು ಮರಿಗೆಗಷ್ಟೇ ಕಲಿತೆ ಎನ್ನುವುದು ನನ್ನ ಕಥೆ.

ಬಿಳಿಗಲ್ಲ ಗುಡ್ಡದ ಮಾದರಿ ತೆಗೆಯುವಾಗ ರಾಯರಿಗೆ ಅವಸರವಿತ್ತು. ಶುಕ್ರವಾರದೊಳಗೆ ಇಪ್ಪತ್ತು ಚೀಲ ರೈಲಿಗೆ ಹೋಗಬೇಕು ಎಂದರು. ಕುಟ್ಟುವ ಕಬ್ಬಿಣದ ಒರಳು ಇದ್ದದ್ದು ಎರಡು ಮೈಲಿ ದೂರದ ಗುಡಾರದಲ್ಲಿ. ಅದನ್ನು ಗುಡ್ಡಕ್ಕೆ ಹೊರಿಸಲು ನಾಲ್ಕು ಜನ ಬೇಕು, ಕಲ್ಲನ್ನೆಲ್ಲ ಗುಡಾರಕ್ಕೆ ಸಾಗಿಸಲು ಎರಡು ದಿನ ಬೇಕು. ಗುಡ್ಡದ ಪಕ್ಕದ ಹಾಸುಬಂಡೆಯಲ್ಲಿ ಹಳಬರು ಮಾಡಿದ ಒರಳುಗುಳಿಗಳಿದ್ದವು. ಬಟ್ಟಲಿನ ಹಾಗೆ ದುಂಡಗೆ, ಕೈಯಾಡಿಸಿದರೆ ನುಣ್ಣಗೆ. ನಾನು ಬುದ್ಧಿವಂತನಲ್ಲವೇ, ಒಂದು ಗುಳಿಯನ್ನು ನೀರು ಹಾಕಿ ತೊಳೆದೆ, ರುಮಾಲಿನಿಂದ ಒರೆಸಿದೆ, ಅದರಲ್ಲೇ ಇಪ್ಪತ್ತೂ ಮಾದರಿ ಕುಟ್ಟಿದೆ. ಗುರುವಾರವೇ ಚೀಲಗಳ ಬಾಯಿ ಕಟ್ಟಿ ನಿಂತೆ. ‘ಶಹಭಾಸ್ ದಾದಾಪೀರ್!’ ಎಂದರು ರಾಯರು. ಎಲ್ಲಿ ಕುಟ್ಟಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆರು ವಾರಕ್ಕೆ ಅಂಕಿ ಬಂತು. ಇಪ್ಪತ್ತು ಚೀಲದಲ್ಲೂ ಚಿನ್ನ! ರಾಯರು ಬೊಂಬಾಯಿಯಲ್ಲಿದ್ದ ಕಂಪನಿಯ ಹೆಡ್ಡಾಫೀಸಿಗೆ ತಂತಿ ಕಳಿಸಿದರು, ಅಲ್ಲಿಂದ ತಂತಿ ಬಂತು, ಮತ್ತೆ ಇಲ್ಲಿಂದ ಹೋಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಅದೇ ಆಯಿತು. ಹದಿನೈದು ದಿನದಲ್ಲಿ ಗುಡ್ಡದ ಸುತ್ತ ಗೂಟ ಬಿತ್ತು. ಹಳ್ಳದ ದಂಡೆಯಲ್ಲಿ ಹಲಗೆಯೊಂದನ್ನು ನೆಟ್ಟು, ಇಲ್ಲಿ ಯಾರೂ ಮರಳು ತೊಳೆಯಕೂಡದು ಎಂದು ಬರೆಸಿದರು. ಕಾವಲಿಗೆ ಇಬ್ಬರನ್ನು ಹಾಕಿದರು. ಹಾಲವ್ವನ ಮರಿಗೆಯನ್ನು ಕಾವಲಿನವನು ಕಾಲಿನಿಂದ ದೂಡಿದ್ದನ್ನು ನಾನು ಕಣ್ಣಾರೆ ಕಂಡೆ. ಆಕೆ ನನ್ನತ್ತ ನೋಡಿ, ಮರಿಗೆ ಎತ್ತಿಕೊಂಡು ಹೋದಳು. ನನಗೆ ನಾಚಿಕೆಯಾಯಿತು. ಆದರೂ ಗುಡ್ಡದಲ್ಲಿ ಚಿನ್ನವಿದೆಯಲ್ಲ, ನಾನೇನು ಮಾಡಲಿ ಎಂದು ಸಮಾಧಾನ ಮಾಡಿಕೊಂಡೆ.

ಒಂದು ಬೆಳಿಗ್ಗೆ ರಾಯರು ಟೈಪು ಮಾಡಿದ ಪಟ್ಟಿಯನ್ನು ಸಹಿಗೆಂದು ನನ್ನ ಮುಂದಿಟ್ಟರು. ಕಲ್ಲಿನ ವಿವರ ಬರೆದಿಡುತ್ತಿದ್ದ ನನ್ನ ಪುಸ್ತಕ ಬಿಚ್ಚಿ ಒಂದೊಂದೇ ನಂಬರು ತಾಳೆ ನೋಡುತ್ತ ಬಂದೆ. ಹದಿನಾಲ್ಕನೆಯದಕ್ಕೆ ಬಂದಾಗ ಬೆರಳು ನಿಂತಿತು. ಆ ಗುರುತಿನಲ್ಲಿ ಬಿಳಿ ಪಟ್ಟೆಯೇ ಇರಲಿಲ್ಲ. ಅಲ್ಲಿ ಅದು ಕಡಿದುಹೋಗಿ ಬರೀ ಕರಿಕಲ್ಲಿತ್ತು, ಮನೆಗೆ ಚಪ್ಪಡಿ ಹಾಕುತ್ತಾರಲ್ಲ ಅಂಥ ಕರಿಕಲ್ಲು. ನಿಯಮದ ಪ್ರಕಾರ ಅದನ್ನೇ ಕೊರೆದು, ‘ಕರಿಕಲ್ಲು’ ಎಂದು ಬರೆದು, ಕುಟ್ಟಿ ಕಳಿಸಿದ್ದೆ. ಪಟ್ಟಿಯಲ್ಲಿ ಅದಕ್ಕೂ ಚಿನ್ನ, ಅದೂ ಅಕ್ಕಪಕ್ಕದ ಬೆಣಚುಕಲ್ಲಿನಷ್ಟೇ. ಆ ಕರಿಕಲ್ಲಿನಲ್ಲಿ ಚಿನ್ನ ಹುಟ್ಟಿದ್ದನ್ನು ಯಾರೂ ಕಂಡಿಲ್ಲ. ಕಲ್ಲಿನಲ್ಲಿ ಇಲ್ಲದ್ದು ಚೀಲದಲ್ಲಿ ಬಂದಿದ್ದರೆ ನಡುವಿನಲ್ಲಿ ಸೇರಿರಬೇಕು. ನಡುವೆ ಇದ್ದದ್ದು ಒರಳು ಮತ್ತು ನಾನು.

ಸಹಿ ಮಾಡದೆ ಎದ್ದು ನೆಟ್ಟಗೆ ಹಾಲವ್ವನ ಗುಡಿಸಲಿಗೆ ಹೋದೆ.

‘ಯಾಕ್ ತಮ್ಮಾ, ಮಾರಿ ಸಣ್ಣಗಾಗೈತೆ? ಗುಡ್ಡದಾಗೆ ಚಿನ್ನ ಸಿಕ್ಕೋರು ಹಿಂಗಾ ಇರೋದು?’

‘ಅವ್ವಾ, ಹಾಸುಬಂಡೆ ಗುಳಿಯಾಗೆ ಹಿಂದೆ ಏನು ಕುಟ್ತಿದ್ರು?’

ಆಕೆ ಎಲೆಯಡಿಕೆ ಉಗುಳಿ ಬಂದಳು. ‘ಹಳ್ಳದಾಗೆ ಚಿನ್ನ ಹತ್ತಿದ ಹರಳುಗಲ್ಲು ಸಿಕ್ರೆ ನಮ್ಮವ್ವ, ನಮ್ಮಜ್ಜಿ ಎಲ್ಲಾ ಕುಟ್ತಿದ್ದಿದ್ದು ಅಲ್ಲೇ. ನಾನೂ ಕುಟ್ಟೀನಿ. ಯಾಕೆ?’

ಹೇಳಿದೆ. ಬೈಯುತ್ತಾಳೆಂದುಕೊಂಡೆ. ಬೈಯದೆ ಒಂದು ಪುಟ್ಟಿ ಎತ್ತಿಕೊಂಡು ಕೆರೆಯ ಕೋಡಿಯ ಕಡೆ ನಡೆದಳು. ‘ಈ ಮರಳಾಗೆ ನಮ್ಮಜ್ಜಿ ಕಾಲ್ದಿಂದ ಒಂದು ಕಣ ಕಂಡೋರಿಲ್ಲ’ ಎಂದು ಅಲ್ಲಿಯ ದಪ್ಪ ಹರಳುಮರಳನ್ನು ತುಂಬಿಸಿದಳು. ಕೆರೆಯ ನೀರಿನಲ್ಲೇ ಬರಿ ಮರಿಗೆ ತೋರಿಸಿ, ಸ್ವಲ್ಪ ತೊಳೆದಳು. ಏನೂ ಇಲ್ಲ. ಉಳಿದದ್ದನ್ನು ನಾನು ಹಾಸುಬಂಡೆಯ ಗುಳಿಗೆ ಹಾಕಿ ಕುಟ್ಟಿದೆ. ಮತ್ತೆ ತೊಳೆದಳು. ಕರಿಮರಳಿನ ಅಂಚಿನಲ್ಲಿ ಹಳದಿ ಗೆರೆ ಎದ್ದು ಕೂತಿತು. ಚಿನ್ನ ಮೆದು. ಕುಟ್ಟಿದರೆ ಪುಡಿಯಾಗದೆ ಕಲ್ಲಿನ ಬಿರುಕಿನೊಳಕ್ಕೆ ಮೆತ್ತಿಕೊಳ್ಳುತ್ತದೆ. ತೊಳೆದರೆ, ಒರೆಸಿದರೆ ಬರುವುದಿಲ್ಲ. ಮೇಲೆ ಗಟ್ಟಿ ಕಲ್ಲು ಹಾಕಿ ಕುಟ್ಟಿದಾಗ ಬಿಟ್ಟುಕೊಳ್ಳುತ್ತದೆ. ತಲೆತಲಾಂತರ ಆ ಹೆಂಗಸರು ಕುಟ್ಟಿದ್ದು ನನ್ನ ಇಪ್ಪತ್ತು ಚೀಲಕ್ಕೆ ಹಂಚಿಕೆಯಾಗಿತ್ತು.

ಆಗ ಬೈದಳು. ‘ಮರಿಗಿ ತೋರಿಸ್ದೆ, ಕೈ ತೋರಿಸ್ದೆ. ಒಳ್ಳು ಯಾಕೋ ತೋರಿಸ್ಲಿಲ್ಲ? ಬೆಳ್ಳಗಿರಾದೆಲ್ಲ ಹಾಲು ಅಂದ್ಕಂಡ್ಯಾ? ನಿನಗೆ ಕಲಿಸಿದ ತಪ್ಪಿಗೆ ನನ್ನ ಹಳ್ಳ ಹೋತು.’

ನನಗೆ ಅಳು ಬಂತು, ಅತ್ತೆ. ಆಕೆ ಸಮಾಧಾನ ಮಾಡಲಿಲ್ಲ. ‘ಅತ್ರೆ ಗೂಟ ಕೀಳಂಗಿಲ್ಲ. ಹೋಗಿ ಹೇಳು’ ಎಂದಳು.

ಕಬ್ಬಿಣದ ಒರಳಿನಲ್ಲಿ ಹೊಸದಾಗಿ ಆರು ಮಾದರಿ ಕುಟ್ಟಿ ನಾನೇ ತೊಳೆದು ನೋಡಿದೆ. ಒಂದರಲ್ಲೂ ಕಣವಿಲ್ಲ. ಅದನ್ನು ರಾಯರ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

‘ಎರಡು ಸಲ ತಂತಿ ಹೋಗಿದೆ ಕಣಯ್ಯಾ. ಈಗ ಮೂರನೇ ತಂತಿ ಏನಂತ ಕಳಿಸಲಿ? ನಮ್ಮ ದಾದಾಪೀರ್ ಹಳೇ ಗುಳಿಯಲ್ಲಿ ಕುಟ್ಟಿದ, ಕ್ಷಮಿಸಿ ಅಂತಲೇ?’

‘ಅದನ್ನೇ ಕಳಿಸಿ ಸ್ವಾಮಿ, ಮಾತು ಕಡಿಮೆ ಇದೆ.’

‘ತಲೆಹರಟೆ ಬೇಡ. ಮರಿಗೆ ಗಿರಿಗೆ ಎಲ್ಲ ಹಳ್ಳಿ ಮುಕ್ಕರ ವಿದ್ಯೆ. ಪರೀಕ್ಷಾಲಯದ ಅಂಕಿ ಇದೆ, ಅದು ಸುಳ್ಳು ಹೇಳೋಲ್ಲ. ಸಹಿ ಮಾಡು.’

‘ಅಂಕಿ ಸುಳ್ಳಲ್ಲ ಸ್ವಾಮಿ. ಚೀಲದಲ್ಲಿದ್ದದ್ದನ್ನ ಅವರು ಸರಿಯಾಗೇ ಅಳೆದಿದ್ದಾರೆ. ಸುಳ್ಳು ನನ್ನ ಚೀಲ. ಸಹಿ ಮಾಡಲ್ಲ.’

‘ಕೆಲಸ ಹೋಗುತ್ತೆ.’

‘ಲಾಳ ಕಟ್ಟೋದು ಬರುತ್ತೆ.’

ಅಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ. ಮನೆಯಲ್ಲಿ ಹೆಂಡತಿ ಬಸುರಿ, ಅಪ್ಪನ ಸೊಂಟ ಎತ್ತಿನ ಒದೆ ತಿಂದು ಹೋಗಿತ್ತು. ಉತ್ತರ ಕೊಟ್ಟು ಹೊರಗೆ ಬಂದ ಮೇಲೆ ಕಾಲು ನಡುಗಿದವು. ಇವತ್ತಿನ ಹುಡುಗರಿಗೆ ಹೇಳುತ್ತೇನೆ, ಕಾಲು ನಡುಗಲಿ, ಪರವಾಗಿಲ್ಲ. ಸಹಿ ಮಾಡುವ ಕೈ ನಡುಗಬಾರದು.

ರಾಯರು ನನ್ನನ್ನು ತಕ್ಷಣ ಕಳಿಸುವಂತಿರಲಿಲ್ಲ. ಬೊಂಬಾಯಿಯಿಂದ ಹಿರಿಯ ಇಂಜಿನಿಯರೊಬ್ಬರು ಗುಡ್ಡ ನೋಡಿ ಗುತ್ತಿಗೆ ಪಕ್ಕಾ ಮಾಡಲು ಬರುವವರಿದ್ದರು, ಅವರೆದುರು ಮರಳು ತೊಳೆದು ತೋರಿಸಲು ಕಂಪನಿಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಬಂದವರು ಬಿಳಿಗೂದಲಿನ ಪಾರ್ಸಿ ಮುದುಕರು, ಮಾತಿನಲ್ಲಿ ಇಂಗ್ಲಿಷ್ ಮತ್ತು ಹಿಂದೂಸ್ತಾನಿ. ರಾಯರಿಗೆ ಹಿಂದೂಸ್ತಾನಿ ಬಾರದು. ನನಗೆ ಅದು ಮನೆಯ ಮಾತು. ಅಲ್ಲಾಹು ಒಂದೊಂದು ಸಲ ಇಂಥ ಬಾಗಿಲನ್ನೂ ತೆರೆದಿಡುತ್ತಾನೆ.

ಆ ದಿನ ಹಳ್ಳದ ದಂಡೆಯಲ್ಲಿ ಊರಿಗೆ ಊರೇ ನೆರೆದಿತ್ತು. ಗೋವಿನಕೋವಿಯ ಬಸವನಗೌಡರು ಇಂಜಿನಿಯರಿಗೆ ಕುರ್ಚಿ ತರಿಸಿದ್ದರು. ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದಂತೆ ಹಾಲವ್ವ ಕಾವಲಿನವನನ್ನು ಸರಿಸಿ ಮರಿಗೆ ಹಿಡಿದು ಮುಂದೆ ಬಂದಳು, ಪಕ್ಕದಲ್ಲಿ ಕೋಡಿ ಮರಳಿನ ಪುಟ್ಟಿ. ರಾಯರು ನನ್ನ ಕೈಗೆ ಹಳೆಯ ಮಾದರಿಗಳಿಂದ ಉಳಿಸಿಕೊಂಡಿದ್ದ ಪುಡಿ ಕೊಟ್ಟು, ‘ತೊಳೆ’ ಎಂದು ಸನ್ನೆ ಮಾಡಿದರು. ನಾನು ಆ ಪುಡಿಯನ್ನು ಪಕ್ಕಕ್ಕಿಟ್ಟು ಇಂಜಿನಿಯರ ಕಡೆ ತಿರುಗಿ, ‘ಹುಜೂರ್, ನಮ್ಮಲ್ಲಿ ಮೊದಲು ಬರಿದನ್ನು ತೋರಿಸುವ ಪದ್ಧತಿ ಇದೆ. ಅಪ್ಪಣೆಯಾಗಬೇಕು’ ಎಂದು ಹಿಂದೂಸ್ತಾನಿಯಲ್ಲಿ ಕೇಳಿದೆ. ಅವರು ತಲೆಯಾಡಿಸಿದರು.

ಹಾಲವ್ವ ಬರಿ ಮರಿಗೆಯನ್ನು ಬಿಸಿಲಿಗೆ ಹಿಡಿದಳು, ಅಂಗೈ ಬಿಚ್ಚಿದಳು. ಕೋಡಿ ಮರಳನ್ನು ತೊಳೆದು ತೋರಿಸಿದಳು. ಏನೂ ಇಲ್ಲ. ಉಳಿದ ಮರಳನ್ನು ನಾನು ಎಲ್ಲರೆದುರು ಅಲ್ಲೇ ಪಕ್ಕದ ಹಾಸುಬಂಡೆಯ ಗುಳಿಗೆ ಸುರಿದು ಕುಟ್ಟಿದೆ. ‘ಏನು ಮಾಡುತ್ತಿದ್ದೀಯ ನೀನು?’ ಎಂದು ರಾಯರು ಕೂಗಿದರು. ಇಂಜಿನಿಯರು ಅವರ ತೋಳು ಹಿಡಿದು ನಿಲ್ಲಿಸಿದರು. ಹಾಲವ್ವ ತೊಳೆದು ಮರಿಗೆಯನ್ನು ಆ ಮುದುಕರ ಮೂಗಿನ ಕೆಳಗೆ ಹಿಡಿದಳು. ಹಳದಿ ಗೆರೆ ಬಿಸಿಲಿಗೆ ಮಿನುಗಿತು. ಊರವರು ಹೋ ಎಂದು ಚಪ್ಪಾಳೆ ತಟ್ಟಿದರು, ಚಿನ್ನ ಬಂತೆಂದು. ಇಂಜಿನಿಯರು ಚಪ್ಪಾಳೆ ತಟ್ಟಲಿಲ್ಲ. ಗುಳಿಯ ಬಳಿ ಮಂಡಿಯೂರಿ ಕೂತು, ಜೇಬಿನಿಂದ ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು.

‘ಇಪ್ಪತ್ತನ್ನೂ ಇದರಲ್ಲೇ ಕುಟ್ಟಿದ್ದೋ?’

‘ಹೌದು ಹುಜೂರ್.’

‘ಯಾರು ಕುಟ್ಟಿದ್ದು?’

‘ನಾನು. ಬೇರೆ ಯಾರ ಪಾಲೂ ಇಲ್ಲ.’

ಮರುದಿನ ಗೂಟಗಳನ್ನು ಕಿತ್ತರು. ನನ್ನನ್ನೂ ಕಿತ್ತರು. ರಾಯರು ನನಗೆ ಬರೆದ ಕಾಗದದಲ್ಲಿ ‘ಸದ್ಯಕ್ಕೆ ಕೆಲಸವಿಲ್ಲದ ಕಾರಣ’ ಎಂದಿತ್ತು. ಅದು ಅವರ ಲೆಕ್ಕಕ್ಕೆ ದೊಡ್ಡ ಉಪಕಾರ, ಬೇರೆ ಕಡೆ ಕೆಲಸ ಸಿಗಲಿ ಎಂದು. ನಾನು ಅದನ್ನು ಹಿಂದಕ್ಕೆ ಕೊಟ್ಟೆ. ‘ನಿಜವಾದ ಕಾರಣ ಬರೆಯಿರಿ ಸ್ವಾಮಿ. ಬಿಳಿಗಲ್ಲ ಗುಡ್ಡದ ಮಾದರಿ ಕೆಡಿಸಿದ್ದಕ್ಕೆ ಅಂತ ಬರೆಯಿರಿ’ ಎಂದೆ. ನಿನಗೆ ಹುಚ್ಚೇ ಎಂದರು. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವವನನ್ನು ಅವರು ಅಂದೇ ನೋಡಿದ್ದು. ನಾನು ಗುಡಾರದ ಬಾಗಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಇಂಜಿನಿಯರೇ ಪೆನ್ನು ತೆಗೆದು ಎರಡು ಸಾಲು ಬರೆದು ಸಹಿ ಹಾಕಿ ಕೊಟ್ಟರು. ಕೊಡುವಾಗ ನನ್ನ ಮುಖ ನೋಡಿ, ‘ನಿನ್ನನ್ನು ತೆಗೆಯಲೇಬೇಕು, ಗೊತ್ತಲ್ಲ’ ಎಂದರು. ಗೊತ್ತಿತ್ತು. ಅದು ನ್ಯಾಯವೇ. ನನ್ನ ಜಗಳ ಶಿಕ್ಷೆಯ ಮೇಲೆ ಇರಲಿಲ್ಲ.

ಊರವರು ನನ್ನನ್ನು ಹೊತ್ತು ಮೆರೆಸಿದರು ಎಂದುಕೊಳ್ಳಬೇಡಿ. ಬಸವನಗೌಡರ ಮಗನಿಗೆ ಗಣಿಯಲ್ಲಿ ಮೇಸ್ತ್ರಿ ಕೆಲಸ ಎಂದು ಮಾತಾಗಿತ್ತಂತೆ. ‘ಬಂದ ಲಕ್ಷ್ಮೀನ ಒದ್ದು ಕಳಿಸ್ದೆಲ್ಲೋ ಸಾಬಾ’ ಎಂದು ಅವರು ಹಾದಿಯಲ್ಲಿ ನಿಲ್ಲಿಸಿ ಬೈದರು. ನ್ಯಾಮತಿ ಸಂತೆಯಲ್ಲೂ ಎಷ್ಟೋ ವರ್ಷ ಜನ ನನ್ನನ್ನು ಚಿನ್ನ ಕೆಡಿಸಿದವನು ಎಂದು ತೋರಿಸುತ್ತಿದ್ದರು. ಇರದ ಚಿನ್ನವನ್ನು ಕೆಡಿಸುವುದು ಹೇಗೆ ಎಂದು ನಾನು ಕೇಳುತ್ತಿದ್ದೆ. ಹಾಲವ್ವ ಮಾತ್ರ ಹಳ್ಳದ ದಂಡೆಯ ಆ ಹಲಗೆಯನ್ನು ಸೀಳಿ ಒಲೆಗೆ ಹಾಕಿ, ರೊಟ್ಟಿ ಬಡಿದು, ನನ್ನನ್ನು ಕೂರಿಸಿ ಬಡಿಸಿದಳು. ಹೊಗಳಲಿಲ್ಲ. ‘ಇನ್ನೊಂದ್ ರೊಟ್ಟಿ ಹಾಕ್ಲೇನೋ?’ ಎಂದಳು, ಅಷ್ಟೇ.

ಎರಡು ವರ್ಷ ಅಪ್ಪನ ಜಾಗದಲ್ಲಿ ಕೂತು ಲಾಳ ಕಟ್ಟಿದೆ. ಯುದ್ಧ ಜೋರಾದಾಗ ತಾಮ್ರಕ್ಕೆ ಬರ ಬಂತು. ಜಗಳೂರು ಕಡೆ ತಾಮ್ರ ಹುಡುಕುವವರಿಗೆ ಮಾದರಿ ತೆಗೆಯುವವರು ಬೇಕೆಂದು ತಿಳಿದು ಹೋದೆ. ಅಲ್ಲಿಯ ಅಧಿಕಾರಿ ಇನ್ನೂ ಮೀಸೆ ಬಲಿಯದ ತರುಣ. ಸರ್ಟಿಫಿಕೇಟು ಕೇಳಿದ. ನನ್ನಲ್ಲಿದ್ದದ್ದು ಒಂದೇ ಕಾಗದ, ಅದನ್ನೇ ಕೊಟ್ಟೆ. ಎರಡು ಸಲ ಓದಿ, ‘ಇದನ್ನ ಯಾಕ್ರೀ ತೋರಿಸ್ತೀರಿ?’ ಎಂದ. ‘ನಾನು ಮಾಡಿದ್ದು ಇದರಲ್ಲಿದೆ ಸ್ವಾಮಿ, ಮುಂದೆ ಮಾಡಬಾರದ್ದೂ ಇದರಲ್ಲೇ ಇದೆ’ ಎಂದೆ. ನಾಳೆಯಿಂದ ಬನ್ನಿ ಎಂದ.

ಆ ತರುಣನೂ ಪಾಪ, ಸೊಕ್ಕೆ ಎಂಬ ಊರಿನಲ್ಲಿ ಎಡವಿದ. ಬಾವಿಯ ಪಕ್ಕದ ಬಂಡೆಯ ಮೇಲೆ ಹಸಿರು ಕಲೆ ನೋಡಿ, ತಾಮ್ರದ ಗುರುತು ಎಂದು ಕುಣಿದಾಡಿ, ನನಗೆ ಚಾಣ ಹಿಡಿಯಲು ಹೇಳಿದ. ನಾನು ಹಿಡಿಯದೆ ಬಾವಿಕಟ್ಟೆಯ ಮೇಲೆ ಕೂತೆ. ‘ಯಾಕೆ?’ ಎಂದ. ‘ಸ್ವಲ್ಪ ತಾಳಿ ಸ್ವಾಮಿ’ ಎಂದೆ. ಅಷ್ಟರಲ್ಲಿ ನಾಲ್ಕು ಹೆಂಗಸರು ತಾಮ್ರದ ಹಂಡೆ, ಕೊಡ ಹೊತ್ತು ಬಂದು, ಅದೇ ಬಂಡೆಯ ಮೇಲಿಟ್ಟು ಹುಣಸೆಹಣ್ಣು ಹಾಕಿ ತಿಕ್ಕತೊಡಗಿದರು. ‘ಯವ್ವಾ, ಎಷ್ಟು ವರ್ಷದಿಂದ ಇಲ್ಲಿ ತಿಕ್ತೀರಿ?’ ಎಂದು ಕೇಳಿದೆ. ‘ನಮ್ಮತ್ತೆ ಮದುವ್ಯಾಗಿ ಬಂದಾಗ್ಲಿಂದ್ಲೂ ಐತೆ ಕಣ್ರೀ’ ಎಂದಳು ಒಬ್ಬಳು. ತರುಣ ಬಂಡೆ ನೋಡಿದ, ಹಂಡೆ ನೋಡಿದ, ತಲೆಯ ಮೇಲೆ ಕೈಯಿಟ್ಟುಕೊಂಡು ನಕ್ಕ. ತನ್ನ ಪುಸ್ತಕದಲ್ಲಿ ಬರೆದಿದ್ದ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ, ಹಂಡೆ ತಿಕ್ಕುವ ಬಂಡೆ, ನನ್ನ ತಪ್ಪು ಎಂದು ತನ್ನ ಕೈಯಾರೆ ಬರೆದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಆದರೆ ನಾನು ಮನಸಾರೆ ಸಲಾಂ ಮಾಡಿದ ಮೇಲಧಿಕಾರಿ ಅವನೊಬ್ಬನೇ. ಅವನ ಕೈಕೆಳಗೆ ಮತ್ತು ಆಮೇಲೆ ಬೇರೆಬೇರೆಯವರ ಕೈಕೆಳಗೆ ಸೇವೆ ಮುಗಿಸಿದೆ.

ಈಗ ಕೆಲಸದ ರೀತಿ ಬದಲಾಗಿದೆ. ಕಲ್ಲು ಕೊರೆಯಲು ಯಂತ್ರ, ಕುಟ್ಟಲು ಯಂತ್ರ. ಒಂದು ಮಾದರಿ ಕುಟ್ಟಿದ ಮೇಲೆ ಯಂತ್ರದೊಳಗೆ ಏನೂ ಇಲ್ಲದ ಬರಿಗಲ್ಲು ಹಾಯಿಸಿ, ಅದನ್ನೂ ಪರೀಕ್ಷೆಗೆ ಕಳಿಸುತ್ತೀರಿ. ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟು, ವಿಲಾಯಿತಿಯವರು ಕಂಡುಹಿಡಿದದ್ದು ಎಂದು ಮೇಷ್ಟರು ಪಾಠ ಮಾಡಿದರಂತೆ. ಇರಬಹುದು. ಅಕ್ಷರ ಬಾರದ ಹಾಲವ್ವ ಅದನ್ನು ಹಳ್ಳದಲ್ಲಿ ಕೂತು ದಿನಕ್ಕೆ ಹತ್ತು ಸಲ ಮಾಡುತ್ತಿದ್ದಳು, ಆಕೆಯ ಅಜ್ಜಿಯೂ ಮಾಡುತ್ತಿದ್ದಳು. ಹಳ್ಳಿ ಮುಕ್ಕರ ವಿದ್ಯೆ ಎಂದು ಯಾರಾದರೂ ನಿಮ್ಮೆದುರು ಅಂದರೆ, ಅವನು ಎಷ್ಟು ದೊಡ್ಡವನಾಗಿರಲಿ, ಎದುರು ಮಾತಾಡಿ. ನನ್ನ ಹೆಸರು ಹೇಳಿ.

ಇನ್ನು ಆ ವಿದ್ಯಾರ್ಥಿ ತೋರಿಸಿದ ವರದಿ. ಅದನ್ನು ಅವತ್ತೇ ಇಸಿದುಕೊಂಡು ಬಂದು ಮನೆಯಲ್ಲಿ ಸಾಲುಸಾಲಾಗಿ ಓದಿದೆ. ಇಪ್ಪತ್ತು ಅಂಕಿಗಳೂ ಇವೆ. ಹದಿನಾಲ್ಕನೆಯದರ ಎದುರು ನಾನು ಬರೆದಿದ್ದ ‘ಕರಿಕಲ್ಲು’ ಇಲ್ಲ, ‘ಬೆಣಚುಕಲ್ಲು’ ಎಂದಿದೆ. ಯಾರು ತಿದ್ದಿದರೋ ದೇವರಿಗೆ ಗೊತ್ತು. ಹಳ್ಳದ ದಂಡೆಯಲ್ಲಿ ನಡೆದದ್ದರ ಸುದ್ದಿಯೇ ಇಲ್ಲ. ಕೊನೆಯ ಸಾಲು ಇಷ್ಟು: ಯುದ್ಧದ ಕಾರಣ ಕೆಲಸ ನಿಲ್ಲಿಸಲಾಗಿದೆ, ಅನುಕೂಲವಾದಾಗ ಮುಂದುವರಿಸಬಹುದು. ಅಂದರೆ ನಾಳೆ ಯಾರೋ ಇದನ್ನು ನಂಬಿ ಮತ್ತೆ ಗೂಟ ನೆಡುತ್ತಾರೆ. ಹಾಲವ್ವ ಈಗಿಲ್ಲ. ಆದರೆ ಆಕೆಯ ಮೊಮ್ಮಕ್ಕಳು ಗುಡ್ಡದ ಬುಡದಲ್ಲೇ ಹೊಲ ಮಾಡಿಕೊಂಡಿದ್ದಾರೆ, ಹಳ್ಳವೂ ಅಲ್ಲೇ ಹರಿಯುತ್ತಿದೆ.

ಪಟ್ಟಿಯ ಕೆಳಗೆ ರಾಯರ ಸಹಿಯಿದೆ. ಅದರ ಮೇಲೆ ‘ಮಾದರಿ ತೆಗೆದವನ ಸಹಿ’ ಎಂಬ ಜಾಗ ಅವತ್ತು ನಾನು ಬಿಟ್ಟು ಎದ್ದಾಗ ಇದ್ದ ಹಾಗೇ ಖಾಲಿಯಾಗಿದೆ. ಇಷ್ಟು ವರ್ಷ ಎಷ್ಟು ಜನ ಆ ಪುಟ ತಿರುಗಿಸಿರಬೇಕು, ಒಬ್ಬನಾದರೂ ಇದು ಯಾಕೆ ಖಾಲಿ ಎಂದು ಕೇಳಲಿಲ್ಲ!

ಆದ್ದರಿಂದ ಇಂಜಿನಿಯರು ಕೊಟ್ಟ ಆ ಎರಡು ಸಾಲಿನ ಕಾಗದವನ್ನು ನಾನು ಈ ಬರಹದ ಜೊತೆ ಲಗತ್ತಿಸಿದ್ದೇನೆ. ವರದಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇದನ್ನೂ ಸೇರಿಸಿ ಹೊಲಿಯಬೇಕೆಂದು ಆ ವಿದ್ಯಾರ್ಥಿಗೆ ಹೇಳಿದ್ದೇನೆ. ಖಾಲಿ ಬಿಟ್ಟ ಸಹಿಯನ್ನು ಇಲ್ಲಿ ಹಾಕುತ್ತೇನೆ.

ಬಿಳಿಗಲ್ಲ ಗುಡ್ಡದಲ್ಲಿ ಚಿನ್ನವಿಲ್ಲ. ಚಿನ್ನವಿದ್ದದ್ದು ಒರಳಿನಲ್ಲಿ. ಅದನ್ನು ಅಲ್ಲಿಟ್ಟವರು ಹಾಲವ್ವನ ಮನೆಯ ಹೆಂಗಸರು, ಚೀಲಕ್ಕೆ ತುಂಬಿದವನು ನಾನು.

ಮಾದರಿ ತೆಗೆದವನ ಸಹಿ: ದಾದಾಪೀರ್, ನ್ಯಾಮತಿ.